ಬೆನ್ನಿಗೆ ಉಪ್ಪು

ನಿದಾ, ಆ ಹಾಡು ಬರೆದವಳು ನಾನು.

ಹಾಡಿದ್ದು ರಫೀಕ್, ನಿಜ. ಗಂಟಲು ಅವನದು, ಹೆಸರೂ ಅವನದೇ. ಆದರೆ ಅದರ ಒಂದೊಂದು ಮಾತೂ ನನ್ನದು. ಆ ಮಾತುಗಳಿಗೆ ನಾನು ಬಳಸಿದ್ದು ನಿನ್ನ ತಾಯಿ, ನಿನ್ನ ಉಮ್ಮ, ನನ್ನನ್ನು ನಂಬಿ ಹೇಳಿದ ಗುಟ್ಟನ್ನು. ಬರೆದೆ, ಹಾಡಿಸಿದೆ, ಜನ ಹಾಡುವುದನ್ನು ಕೇಳಿ ಒಳಗೊಳಗೇ ಹಿಗ್ಗಿದೆ. ಕೊನೆಗೆ ನಿನ್ನ ಉಮ್ಮ ನೇರವಾಗಿ ಕೇಳಿದಾಗ ನಾನಲ್ಲ ಎಂದೆ. ಅಲ್ಲಿಗಾದರೂ ಬಾಯಿ ಮುಚ್ಚಬಹುದಿತ್ತು... ಮುಚ್ಚಲಿಲ್ಲ. ಇನ್ನೊಬ್ಬನ ಕಡೆ ಬೆರಳು ತೋರಿಸಿದೆ.

ಕಳೆದ ತಿಂಗಳು ಬಹರೈನಿಗೆ, ಮುಹರಕ್‌ನ ನಿನ್ನ ಚಿಕ್ಕಮ್ಮನ ಮನೆಗೆ ರಜೆಗೆ ಬಂದವಳು ನೀನು ನನ್ನನ್ನೂ ನೋಡಿ ಹೋಗಲೆಂದು ಬುಸೈತೀನ್‌ನ ನನ್ನ ಈಗಿನ ಮನೆಗೆ ಬಂದೆ. ಎಷ್ಟು ಎತ್ತರವಾಗಿದ್ದೀ ಎಂದೆ ನಾನು. ನೀನು ಕಾಲೇಜಿನ ಸುದ್ದಿ ಹೇಳಿದೆ, ನಾನು ಮಾಡಿದ ಅವಲಕ್ಕಿ ತಿಂದೆ. ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ, ಬಹಳ ದಿನದಿಂದ ಬಾಯಿಪಾಠ ಮಾಡಿಕೊಂಡು ಬಂದವಳ ಹಾಗೆ ಕೇಳಿದೆ: "ಆಂಟಿ, ಆ ದಿನ ನಾನು ಆ ಹಾಡು ಹಾಡದೇ ಇದ್ದಿದ್ರೆ ಉಪ್ಪ ಹೀಗೆ ಆಗ್ತಿರ್ಲಿಲ್ಲ ಅಲ್ವಾ?"

ಆ ಕ್ಷಣದಲ್ಲಿ ಹೇಳಬೇಕಿತ್ತು. ಬಾಗಿಲು ಹಾಕಿತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ನನ್ನೆದುರು ಕೂತವಳು ನೀನು — ಇಷ್ಟು ವರ್ಷ ಅಪ್ಪ ಕುಗ್ಗಿಹೋದ ತಪ್ಪು ತನ್ನದೆಂದು ಹೊತ್ತುಕೊಂಡವಳು. ನಾನು ಹೇಳಿದ್ದೇನು? "ಎಂತ ಮಾತು ಮಾರಾಯ್ತಿ, ನೀನಾಗ ಸಣ್ಣ ಮಗು. ಯಾರೋ ಬರೆದ ಹಾಡು ಅದು."

ಯಾರೋ.

ನೀನು ಹೋದ ಮೇಲೆ ಆ ಒಂದು ಮಾತು ಮನೆ ತುಂಬ ತಿರುಗುತ್ತಿತ್ತು. ಹಿಂದಿನ ಸುಳ್ಳಿಗೆ ಅವಸರವೆಂದೋ ಭಯವೆಂದೋ ಹೆಸರಿಡಬಹುದೇನೋ. ಈ ಸುಳ್ಳಿಗೆ? ಕೂದಲು ನೆರೆತ ಹೆಂಗಸು, ಒಂದು ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಸುಳ್ಳಿದು. ಅದಕ್ಕೇ ಬರೆಯುತ್ತಿದ್ದೇನೆ. ಸಣ್ಣವಳಿದ್ದಾಗ ಇಲ್ಲಿಂದ ಊರಿಗೆ ಹೋದ ಮೇಲೆ ನೀನು ಕನ್ನಡ ಶಾಲೆಯಲ್ಲಿ ಓದಿದವಳು, ಇದನ್ನು ಓದಬಲ್ಲೆ. ಓದಿದ ಮೇಲೆ ನನ್ನ ಬಗ್ಗೆ ಏನು ಅಂದುಕೊಳ್ಳುತ್ತೀಯೋ, ಅದು ನಿನಗೆ ಬಿಟ್ಟದ್ದು.

ಮೊದಲಿನಿಂದ ಹೇಳುತ್ತೇನೆ.

ಆಗ ನಾವು ಮನಾಮದಲ್ಲಿ ಒಂದೇ ಕಟ್ಟಡದಲ್ಲಿದ್ದೆವು, ಎದುರು ಬದುರು ಬಾಗಿಲು. ನನಗೆ ಮಕ್ಕಳಿಲ್ಲ. ಸಂಜೆ ಆಫೀಸಿನಿಂದ ಬಂದರೆ ನನ್ನ ಅರ್ಧ ಹೊತ್ತು ನಿಮ್ಮ ಮನೆಯಲ್ಲೇ ಕಳೆಯುತ್ತಿತ್ತು. ನಿನ್ನ ಉಮ್ಮ ಶಂಶಾದ್ ಮತ್ತು ನಾನು ತುಳುವಿನಲ್ಲಿ ಮಾತು ಶುರುಮಾಡಿ, ನಡುವೆ ಕನ್ನಡಕ್ಕೆ ಜಾರಿ, ನಿನ್ನನ್ನು ಗದರುವುದಕ್ಕೆ ಅವಳು ಬ್ಯಾರಿ ಭಾಷೆಗೆ ತಿರುಗಿ... ಹಾಗಿತ್ತು ನಮ್ಮ ಸ್ನೇಹ. ಆ ದೇಶ ಈ ದೇಶ ಎಂದು ಅಲೆದ ಬದುಕಿನಲ್ಲಿ ನನಗೆ ಅಂಥ ಗೆಳತಿ ಮತ್ತೆ ಸಿಗಲಿಲ್ಲ.

ನಿನ್ನ ಉಪ್ಪ, ಊರಿನ ಹುಡುಗರ ಬಾಯಲ್ಲಿ ಹಮೀದಾಕ, ಒಂದು ಕಟ್ಟಡ ಕಂಪೆನಿಯಲ್ಲಿ ಖರೀದಿ ವಿಭಾಗದಲ್ಲಿದ್ದರು. ಮಾತು ಕಡಿಮೆ, ನಗು ಜಾಸ್ತಿ. ಪ್ರತಿದಿನ ಟೈ ಕಟ್ಟಿಕೊಂಡೇ ಹೊರಡುವರು. ಊರಿನ ಎಷ್ಟು ಜನರಿಗೆ ಇಲ್ಲಿ ಕೆಲಸ ಕೊಡಿಸಿದರೋ! ರಫೀಕ್‌ನನ್ನೂ ಅವರೇ ಕರೆಸಿದ್ದು. ಅವರ ಊರಿನ ಹುಡುಗ. ಅವರ ದೂರದ ಸಂಬಂಧಿಕರ ಕೋಲ್ಡ್ ಸ್ಟೋರಿನಲ್ಲಿ, ಅಂದರೆ ದಿನಸಿ ಅಂಗಡಿಯಲ್ಲಿ, ವ್ಯಾನ್ ಓಡಿಸಿ ಮನೆಮನೆಗೆ ಸಾಮಾನು ಮುಟ್ಟಿಸುತ್ತಿದ್ದ. ನಿಮ್ಮ ಮನೆಗೆ ಬಂದರೆ ಉಮ್ಮನ ಹತ್ತಾರು ಸಣ್ಣ ಕೆಲಸ ಮಾಡಿಕೊಟ್ಟು ಹೋಗುವನು — ಗ್ಯಾಸ್ ಸಿಲಿಂಡರ್ ಬದಲಾಯಿಸುವುದು, ಬಟ್ಟೆಯ ಗಂಟನ್ನು ಇಸ್ತ್ರಿ ಅಂಗಡಿಗೆ ಕೊಂಡುಹೋಗುವುದು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದದ್ದು ನಿನಗೆ ನೆನಪಿರಲಿಕ್ಕಿಲ್ಲ.

ಅವನಿಗೆ ಕಂಠವಿತ್ತು. ಊರಲ್ಲಿ ಮದುವೆಮನೆಗಳಲ್ಲಿ ಹಾಡಿ ಹೆಸರು ಮಾಡಿದವನು.

ಇನ್ನು ಆ ಹಾಡು ಹೇಗೆ ಹುಟ್ಟಿತು ಎಂಬುದು. ಮಂಗಳೂರಿನ ಕಾಲೇಜಿನಲ್ಲಿ ನನ್ನ ಸಹಪಾಠಿಯಾಗಿದ್ದ ಜೂಡ್ ಆಗ ಮನಾಮದ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಅದೇ ಬ್ಯಾಂಡಿನಲ್ಲಿ ಜಮೈಕಾದವನೊಬ್ಬ ಬೇಸ್ ಗಿಟಾರ್ ಬಾರಿಸುತ್ತಿದ್ದ. ಅವನಿಂದ ಜೂಡ್‌ಗೆ ಡ್ಯಾನ್ಸ್‌ಹಾಲ್ ಎಂಬ ಅವರ ನಾಡಿನ ಸಂಗೀತದ ಹುಚ್ಚು ಹಿಡಿಯಿತು. ಆ ಸಂಗೀತದಲ್ಲಿ ಒಂದು ಕ್ರಮವುಂಟು. ಮೊದಲು ಹಾಡಿಲ್ಲದೆ ಬರೀ ತಾಳ ಮತ್ತು ಬೇಸ್ ಸಿದ್ಧವಾಗುತ್ತದೆ. ಅದಕ್ಕೆ ರಿಡಿಮ್ ಎನ್ನುತ್ತಾರೆ. ಆಮೇಲೆ ಹಲವು ಹಾಡುಗಾರರು ಒಬ್ಬೊಬ್ಬರಾಗಿ ಬಂದು ಅದೇ ರಿಡಿಮ್‌ನ ಮೇಲೆ ತಮ್ಮ ತಮ್ಮ ಮಾತು ಕೂರಿಸಿ ಹಾಡುತ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ವಾಯ್ಸ್ ಮಾಡುವುದು ಎಂದು ಹೆಸರು. ಒಬ್ಬ ಪ್ರೀತಿಯ ಬಗ್ಗೆ, ಇನ್ನೊಬ್ಬ ಜಗಳದ ಬಗ್ಗೆ, ಮತ್ತೊಬ್ಬ ದೇವರ ಬಗ್ಗೆ — ತಾಳ ಮಾತ್ರ ಒಂದೇ. ನಮ್ಮ ಯಕ್ಷಗಾನದ ಭಾಗವತರು ಒಂದೇ ತಾಳಕ್ಕೆ ಬೇರೆ ಬೇರೆ ಪದ್ಯ ಎತ್ತಿದ ಹಾಗೆ ಎಂದುಕೋ.

ಮನಾಮದ ಸೆಗಯಾ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಜೂಡ್‌ನ ಫ್ಲ್ಯಾಟು. ಅದರ ಒಳಕೋಣೆಯ ಗೋಡೆಗಳಿಗೆ ಹಾಸಿಗೆಗಳನ್ನು ಒರಗಿಸಿ ಸ್ಟುಡಿಯೋ ಮಾಡಿದ್ದ. ಅಲ್ಲಿ ಅವನೊಂದು ರಿಡಿಮ್ ಕಟ್ಟಿದ. ಕೆಳಗಿನ ಕೆಫೆಟೇರಿಯಾದ ಕರಕ್ ಚಹಾ, ಇಲ್ಲಿಯ ಗಟ್ಟಿ ಹಾಲಿನ ಚಹಾ, ಕುಡಿದು ಕುಡಿದೇ ಕಟ್ಟಿದ್ದರಿಂದ ಅದಕ್ಕೆ ಕರಕ್ ರಿಡಿಮ್ ಎಂದೇ ಹೆಸರಿಟ್ಟ. ಬಹರೈನಿನಲ್ಲಿ ಎಷ್ಟು ಭಾಷೆಗಳಿವೆಯೋ ಅಷ್ಟೂ ಭಾಷೆಯಲ್ಲಿ ಅದನ್ನು ಹಾಡಿಸಬೇಕೆಂಬುದು ಅವನ ಆಸೆ.

ಬಂದರು ಒಬ್ಬೊಬ್ಬರೇ. ಒಕೆಲ್ಲೊ ಎಂಬ ಯುಗಾಂಡದವನು ಯಾವುದೋ ಕಟ್ಟಡದ ಗೇಟಿನಲ್ಲಿ ಸೆಕ್ಯೂರಿಟಿ. ದಿನವಿಡೀ ನಿಂತೇ ಇರುವ ತನ್ನ ಕಾಲುಗಳ ಜೊತೆ ತಾನೇ ಮಾತಾಡುವ ಹಾಗೆ ಹಾಡಿದ. ಸಲೂನಿನಲ್ಲಿ ಕೆಲಸ ಮಾಡುವ ಮಾರಿತೆಸ್ ಎಂಬ ಫಿಲಿಪಿನೋ ಹೆಂಗಸು ಕೂದಲು ಕತ್ತರಿಸುವಾಗ ಕೇಳಿಸಿಕೊಂಡ ಮೇಡಂಗಳ ಕಥೆಗಳನ್ನು ಹಾಡಿದಳು. ಹೆಸರು ಹೇಳಬೇಕಾದಲ್ಲೆಲ್ಲ ಕತ್ತರಿಯ ಸದ್ದು ಮಾಡಿ ದಾಟಿಸಿದಳು. ಯೂಸಿಫ್ ಎಂಬ ಇಲ್ಲಿಯವನೇ ಆದ ಹುಡುಗ ತನ್ನ ಹಳೆಯ ಕಾರಿನ ಬಗ್ಗೆ ಅರಬಿಯಲ್ಲಿ ಹಾಡಿ ಎಲ್ಲರನ್ನೂ ಕುಣಿಸಿದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಆ ಇಕ್ಕಟ್ಟು ಕೋಣೆಯಲ್ಲಿ ಬೆವರುತ್ತಾ ಅವರೆಲ್ಲ ಒಬ್ಬರ ಹಾಡಿಗೆ ಇನ್ನೊಬ್ಬರು ತಲೆಯಾಡಿಸುವುದನ್ನು ನೋಡಿದಾಗ — ನನಗೂ ಅದರೊಳಗೆ ಒಂದು ಜಾಗ ಬೇಕು ಅನ್ನಿಸಿತ್ತು. ತುಂಬ ಬೇಕು ಅನ್ನಿಸಿತ್ತು.

ನಾನು ಕನ್ನಡದವರ ಸಮಾರಂಭಗಳಿಗೆ ಪ್ರಹಸನ, ಸ್ವಾಗತಗೀತೆ ಬರೆದುಕೊಡುತ್ತಿದ್ದವಳು. ಜೂಡ್‌ಗೆ ಅದು ಗೊತ್ತಿತ್ತು. ಕನ್ನಡದ್ದು ನೀನು ಬರಿ, ರಫೀಕ್ ಹಾಡಲಿ ಎಂದ. ಒಪ್ಪಿಕೊಂಡೆ, ಒಂದು ಷರತ್ತು ಹಾಕಿ: ನನ್ನ ಹೆಸರು ಎಲ್ಲೂ ಬರಬಾರದು. ನನ್ನ ಗಂಡ ಆಗ ಬೇರೊಂದು ಕಂಪೆನಿಯಲ್ಲಿ ಮ್ಯಾನೇಜರ್ ಆಗಿದ್ದರು. ಅವರ ಹೆಂಡತಿ ಸೆಗಯಾದ ಕೋಣೆಯಲ್ಲಿ ಡ್ಯಾನ್ಸ್‌ಹಾಲ್ ಹಾಡು ಬರೆಯುತ್ತಾಳೆ ಎಂದರೆ ನಾಲ್ಕು ಜನ ನಗುತ್ತಾರೆ ಎಂಬ ಹೆದರಿಕೆ. ರಫೀಕ್ ಎದೆಯ ಮೇಲೆ ಕೈಯಿಟ್ಟು ಹೇಳಿದ್ದ: "ಸುನೀತಕ್ಕ, ನನ್ನ ಬಾಯಿಂದ ಬರುದಿಲ್ಲ. ಖಂಡಿತ."

ಬರೆದೆ. ಕಡಲು ದಾಟಿ ಬಂದೆವು, ತಾಯ್ನಾಡ ನೆನೆದೆವು — ಆ ಜಾತಿಯದ್ದು. ಜೂಡ್ ಕೇಳಿ ಮುಖ ಸಿಂಡರಿಸಿದ. ಬೀಟು ಎಲ್ಲರಿಗೂ ಒಂದೇ ಸುನೀತಾ, ಹಾಗಾಗಿ ಯಾರ ಮಾತು ಸಪ್ಪೆ ಅಂತ ಕೂಡಲೇ ಗೊತ್ತಾಗ್ತದೆ ಎಂದ. ಇನ್ನೊಂದು ಬರೆದೆ, ಅದೂ ಸಪ್ಪೆ. ಮಾರಿತೆಸ್‌ಳ ಕತ್ತರಿಯ ಸದ್ದಿಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾಗ ನಾನು ಮೂಲೆಯಲ್ಲಿ ಕೂತು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.

ಅದೇ ದಿನಗಳಲ್ಲಿ ನಿನ್ನ ಉಮ್ಮ ನನಗೆ ಆ ಮಾತು ಹೇಳಿದ್ದು.

ನಮ್ಮ ಕಟ್ಟಡದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆವು. ಅವಳು ನಿನ್ನ ಉಪ್ಪನ ಅಂಗಿಯೊಂದನ್ನು ಬಕೆಟ್ಟಿನಿಂದ ಎತ್ತಿ, ಕೊಡವದೆ, ಹಾಗೇ ಹಿಡಿದುಕೊಂಡು ನಿಂತಳು. ಇವರು ಆಫೀಸಿಗೆ ಹೋಗ್ತಾ ಇಲ್ಲ ಎಂದಳು. ಹೇಗೆ ಗೊತ್ತು ಎಂದು ಕೇಳಿದೆ. ಕೆಲವು ವಾರಗಳಿಂದ ಒಗೆಯುವುದಕ್ಕೆ ಬರುವ ಅಂಗಿಗಳ ಬೆನ್ನಿನಲ್ಲಿ ಬೆವರು ಒಣಗಿ ಬಿಳಿಯ ಉಪ್ಪಿನ ಗೆರೆ ಕಟ್ಟಿರುತ್ತಿತ್ತಂತೆ. ಏಸಿಯಲ್ಲಿ ಕೂತು ಕೆಲಸ ಮಾಡುವವರ ಬೆನ್ನಿಗೆ ಉಪ್ಪು ಕಟ್ಟುವುದಿಲ್ಲವಲ್ಲ. ಸಂಶಯ ಬಂದು, ಏನೋ ನೆವ ಮಾಡಿ ಆಫೀಸಿಗೆ ಫೋನ್ ಮಾಡಿದಳಂತೆ. ಅವರನ್ನು ಕೆಲಸದಿಂದ ತೆಗೆದು ಎಷ್ಟೋ ದಿನವಾಯಿತು ಎಂದು ಗೊತ್ತಾಯಿತಂತೆ. ಒಂದು ದಿನ ಟ್ಯಾಕ್ಸಿಯಲ್ಲಿ ಹಿಂದೆಯೇ ಹೋಗಿ ದೂರದಿಂದ ನೋಡಿದಳಂತೆ: ಅವರು ಬೆಳಿಗ್ಗೆ ಟೈ ಕಟ್ಟಿ, ಬುತ್ತಿ ಹಿಡಿದು ಹೊರಟು, ಬುಸೈತೀನ್‌ನ ಸಮುದ್ರದ ಬದಿಯಲ್ಲಿ ಕಾರು ನಿಲ್ಲಿಸಿ, ಪೆಟ್ರೋಲು ಉಳಿಸಲು ಏಸಿ ಬಂದ್ ಮಾಡಿ, ಅಲ್ಲೇ ಕೂತು ಫೋನಿನಲ್ಲಿ ಕೆಲಸ ಹುಡುಕುತ್ತಿದ್ದರು. ಸಂಜೆ ಮಾಮೂಲಿನಂತೆ ಮನೆಗೆ ಬರುತ್ತಿದ್ದರು.

ಅವಳು ಕೇಳಲಿಲ್ಲ. ಅಂಗಿ ಒಗೆದಳು, ಇಸ್ತ್ರಿಗೆ ಕಳಿಸಿದಳು, ಬುತ್ತಿಗೆ ಅವರಿಗೆ ಇಷ್ಟವಾದದ್ದನ್ನೇ ಹಾಕಿದಳು, ಬೆಳಿಗ್ಗೆ ಬಾಗಿಲಲ್ಲಿ ನಿಂತು ಕಳಿಸಿಕೊಟ್ಟಳು.

"ಬೇರೆ ಕೆಲಸ ಸಿಕ್ಕಿದ ದಿನ ಅವರೇ ಹೇಳ್ತಾರೆ," ಎಂದಳು. "ಅಲ್ಲಿವರೆಗೆ, ನಂಗೆ ಗೊತ್ತುಂಟು ಅಂತ ಅವರಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಅವರು ತಲೆ ಎತ್ತಲಿಕ್ಕಿಲ್ಲ. ನೀನು ಯಾರಿಗೂ ಹೇಳ್ಬೇಡ, ಸುನೀತಾ."

ನಾನು ಅವಳ ಕೈ ಹಿಡಿದುಕೊಂಡೆ. ಕಣ್ಣಲ್ಲಿ ನೀರೂ ಬಂದಿತ್ತು. ಆ ನೀರು ಸುಳ್ಳಲ್ಲ. ಅದೇ ನನಗೆ ಇವತ್ತಿಗೂ ಅರ್ಥವಾಗದ್ದು... ನಿಜವಾಗಿ ಅತ್ತ ಕಣ್ಣುಗಳೇ ಕೆಲವು ದಿನಗಳ ನಂತರ ಆ ಕಡೆ ನೋಡಲು ಹೋದವು.

ಹೌದು, ನೋಡಲು ಹೋದೆ. ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಟ್ಯಾಕ್ಸಿ ಮಾಡಿಕೊಂಡು ಸಮುದ್ರದ ಬದಿಯ ದಾರಿ ಹಿಡಿದೆ. ಕಾರು ಕಂಡಿತು. ನಾಲ್ಕೂ ಕಿಟಕಿ ಇಳಿಸಿತ್ತು. ನಿನ್ನ ಉಪ್ಪ ಬುತ್ತಿಯ ಡಬ್ಬಿಯನ್ನು ಸ್ಟೇರಿಂಗಿಗೆ ಒರಗಿಸಿಕೊಂಡು, ಟೈಗೆ ಸಾರು ತಾಗದಂತೆ ಅದನ್ನು ಹೆಗಲ ಮೇಲೆ ಎಸೆದುಕೊಂಡು, ಉಣ್ಣುತ್ತಿದ್ದರು. ನಾನು ಸೀಟಿನಲ್ಲಿ ಕುಗ್ಗಿ ಕೂತೆ. ಅವರು ನೋಡಲಿಲ್ಲ. ಅಲ್ಲಿ ನನಗೆ ಏನನ್ನಿಸಿತು ಎಂದು ಕೇಳಿದರೆ... ಅಯ್ಯೋ ಅನ್ನಿಸಿತು. ಆದರೆ ಆ ಅಯ್ಯೋದ ಬೆನ್ನಿಗೇ, ಇದು ಹಾಡಾಗುತ್ತದೆ ಎಂದೂ ಅನ್ನಿಸಿತು. ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಸಾಲು ಸಿದ್ಧವಾಗಿದ್ದವು.

ಕಡಲ ಬದಿಯೇ ಆಫೀಸು, ಕಾರಿನೊಳಗೆ ಬಾಸು,
ಟೈಯೂ ಉಂಟು, ಟಿಫಿನೂ ಉಂಟು, ಕೆಲಸ ಮಾತ್ರ ಲಾಸು!
ಬೆನ್ನಿಗೆಲ್ಲ ಉಪ್ಪೋ ಉಪ್ಪು, ಬಾಯಿ ಗಪ್ಪುಚುಪ್ಪು,
ಮನೆಗೆ ಬಂದು ಹೇಳುವುದೇನು? ಬಾಸಿನದ್ದೇ ತಪ್ಪು!

ಬರೆಯುವಾಗ ನಿನ್ನ ಉಮ್ಮನ ಮಾತು ಮರೆತುಹೋಗಿತ್ತು ಎಂದು ಹೇಳುವುದು ಸುಲಭ. ಮರೆತಿರಲಿಲ್ಲ. ಬಹರೈನಿನಲ್ಲಿ ಕೆಲಸ ಹೋದವರು ಒಬ್ಬಿಬ್ಬರೇ? ಯಾರ ಕಥೆ ಎಂದು ಯಾರಿಗೆ ತಿಳಿದೀತು ಎಂದು ನನಗೆ ನಾನೇ ಹೇಳಿಕೊಂಡೆ. ಬೆನ್ನಿನ ಉಪ್ಪಿನ ಸಾಲನ್ನು ತೆಗೆಯೋಣ ಎಂದು ಒಮ್ಮೆ ಯೋಚಿಸಿದ್ದೂ ಉಂಟು. ಅದು ಅವಳು ಕೊಟ್ಟ ವಿವರ, ಅಂಗಿ ಒಗೆಯುವ ಕೈಗೆ ಮಾತ್ರ ಗೊತ್ತಿರುವ ವಿವರ. ಆದರೆ ಇಡೀ ಹಾಡಿನಲ್ಲಿ ಅದೇ ಒಳ್ಳೆಯ ಸಾಲು. ಅದನ್ನು ತೆಗೆದರೆ ಉಳಿದದ್ದು ಬರೀ ಪ್ರಾಸ. ತೆಗೆಯಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನ್ನ ಮನೆಯಲ್ಲಿ ನಾವಿಬ್ಬರು ಒಬ್ಬರನ್ನೊಬ್ಬರು ಆ ರೀತಿ ಕಾಪಾಡಿದವರಲ್ಲ. ಗಂಡನ ಮಾನ ಉಳಿಸಲು ಹೆಂಡತಿ ದಿನವೂ ಬಾಗಿಲಲ್ಲಿ ನಿಂತು ಏನೂ ತಿಳಿಯದವಳಂತೆ ನಗುವುದು — ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತೇ? ಆಗಿರಲಿಲ್ಲ ಎಂದು ಹೇಳಲಾರೆ.

ರಫೀಕ್‌ಗೆ ಇದು ಯಾರ ಕಥೆ ಎಂದು ಗೊತ್ತಿರಲಿಲ್ಲ. ಅವನು ಕಲ್ಪನೆಯೆಂದೇ ತಿಳಿದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತು, ಉಪ್ಪೋ ಉಪ್ಪು ಎಂಬಲ್ಲಿ ಬ್ಯಾರಿಗಳ ಧಾಟಿಯಲ್ಲಿ ಒಂದು ಎಳೆತ ಎಳೆದ. ಕನ್ನಡ ಬಾರದ ಒಕೆಲ್ಲೊ ಕೂಡ ಎದ್ದು ನಿಂತು ಕುಣಿದ. ಜೂಡ್ ನನ್ನ ಕಡೆ ತಿರುಗಿ, ಈಗ ಬಂತು ನೋಡು ಎಂದ. ಆ ಒಂದು ಮಾತಿಗೆ, ನಿದಾ, ನಿನ್ನ ಉಪ್ಪನನ್ನು ಮಾರಿದೆ.

ಕರಕ್ ರಿಡಿಮ್ ಇಲ್ಲಿಯ ಫೋನುಗಳಲ್ಲಿ ಹಬ್ಬಿತು. ಫಿಲಿಪಿನೋಗಳು ಮಾರಿತೆಸ್‌ಳದ್ದನ್ನು, ಯುಗಾಂಡದವರು ಒಕೆಲ್ಲೊನದ್ದನ್ನು ಹಂಚಿಕೊಂಡರು. ನಮ್ಮವರಿಗೆ ರಫೀಕ್‌ನದ್ದು. ಕನ್ನಡದವರ ಊಟದ ಕೂಟದಲ್ಲಿ ಹಾಕಿ ನಕ್ಕರು. ಕೆಲಸಕ್ಕೆ ತಡವಾಗಿ ಬಂದವರನ್ನು ಕಡಲ ಬದಿಯ ಬಾಸು ಎಂದು ಕರೆಯತೊಡಗಿದರು. ನಾನು ಜನರ ನಡುವೆ ನಿಂತು, ಯಾರಪ್ಪ ಬರೆದದ್ದು, ಚೆನ್ನಾಗಿದೆ ಎನ್ನುತ್ತಿದ್ದೆ. ನೀನು ಓದುತ್ತಿದ್ದ ಈಸಾ ಟೌನಿನ ಶಾಲೆಯ ಬಸ್ಸುಗಳಲ್ಲಿ ಮಕ್ಕಳ ಬಾಯಿಗೂ ಬಂತು.

ಆ ಸಂಜೆ ನಾನು ನಿಮ್ಮ ಮನೆಯಲ್ಲೇ ಇದ್ದೆ. ನಿನಗದು ನೆನಪಿಲ್ಲ, ಕಳೆದ ತಿಂಗಳು ನೀನು ಹೇಳಿದ ನೆನಪಿನಲ್ಲಿ ನಾನಿರಲಿಲ್ಲ. ಇದ್ದೆ. ನಿನ್ನ ಉಪ್ಪ ಆಗತಾನೇ "ಆಫೀಸಿನಿಂದ" ಬಂದು ಕೂತಿದ್ದರು. ಉಮ್ಮ ಚಹಾದ ತಟ್ಟೆ ತಂದಳು. ನೀನು ಒಳಗಿನಿಂದ ಓಡಿಬಂದು ಸೋಫಾದ ಮೇಲೆ ಹತ್ತಿ, ಬಸ್ಸಿನಲ್ಲಿ ಹೊಸ ಹಾಡು ಕಲಿತೆ ಎಂದು ಶುರುಮಾಡಿದೆ. ಮೊದಲ ಸಾಲು ಕೇಳಿದಾಗ ನನಗಾದದ್ದು ಭಯವಲ್ಲ. ಹೆಮ್ಮೆ. ನನ್ನ ಹಾಡು ನಿನ್ನಂಥ ಮಗುವಿನ ಬಾಯಲ್ಲೂ ಎಷ್ಟು ಚೆನ್ನಾಗಿ ಕೂತಿದೆ ಎಂಬ ಹೆಮ್ಮೆ! ಆಮೇಲಷ್ಟೇ ಎಲ್ಲಿ ಕೂತಿದ್ದೇನೆ ಎಂಬುದು ನೆನಪಾಯಿತು.

ನಿನ್ನ ಉಪ್ಪ ಮೊದಲ ಸಾಲಿಗೆ ನಕ್ಕರು. ಎರಡನೆಯದಕ್ಕೆ ಆ ನಗು ಮುಖದ ಮೇಲೆ ಹಾಗೇ ಉಳಿಯಿತು, ಇಳಿಸುವುದು ಹೇಗೆಂದು ತಿಳಿಯದವರಂತೆ. ಬೆನ್ನಿಗೆಲ್ಲ ಉಪ್ಪು ಎಂದು ನೀನು ಕೈ ತಿರುಗಿಸಿ ಹಾಡಿದಾಗ ಅವರ ಬಲಗೈ ತಾನಾಗಿಯೇ ಹಿಂದಕ್ಕೆ ಹೋಗಿ ಬೆನ್ನನ್ನು ಮುಟ್ಟಿ ನೋಡಿಕೊಂಡಿತು.

"ಇನ್ನೊಮ್ಮೆ ಹಾಡು ಮಗಳೇ," ಎಂದರು.

ನೀನು ಖುಷಿಯಿಂದ ಇನ್ನೊಮ್ಮೆ ಹಾಡಿದೆ. ಅವರು ನಿನ್ನನ್ನು ನೋಡುತ್ತಿರಲಿಲ್ಲ, ನಿನ್ನ ಉಮ್ಮನನ್ನು ನೋಡುತ್ತಿದ್ದರು. ಅವಳು ಚಹಾದ ತಟ್ಟೆಯನ್ನು. ಹಾಡು ಮುಗಿದಾಗ ಅವರು ಎದ್ದು ನಿನ್ನ ತಲೆ ಸವರಿ, ಚೆನ್ನಾಗಿ ಹಾಡ್ತಿ ಎಂದು ಹೇಳಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಅವರು ಹೊರಡಲಿಲ್ಲ, ಅದರ ಮರುದಿನವೂ. ಮನೆಯಲ್ಲೇ ಕೂತರು. ಕೆಲಸ ಹುಡುಕುವುದನ್ನೂ ಬಿಟ್ಟರು.

ಕೂಗಾಟವಾಗಲಿಲ್ಲ, ಜಗಳವಾಗಲಿಲ್ಲ. ಹೆಂಡತಿಗೆ ಮೊದಲೇ ಗೊತ್ತಿತ್ತು ಎಂಬುದೊಂದು ಪೆಟ್ಟು. ಅವಳು ಅದನ್ನು ಹೊರಗೆ ಆಡಿ ನಗೆಪಾಟಲು ಮಾಡಿಸಿದಳು ಎಂಬುದು ಅದಕ್ಕಿಂತ ದೊಡ್ಡದು. ಅವಳು ತಾನು ಯಾರಿಗೂ ಹೇಳಿಲ್ಲ ಎಂದಳಂತೆ. ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ...

ಅವಳು ಬಂದದ್ದು ನನ್ನ ಹತ್ತಿರ. ಬಾಗಿಲು ತೆಗೆದಾಗ ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ನಾನು ಹೇಳಿದ್ದು ನಿನಗೊಬ್ಬಳಿಗೆ. ನೀನು ಯಾರಿಗಾದ್ರೂ ಹೇಳಿದ್ದಾ, ಸುನೀತಾ? ಹೇಳಿದ್ರೆ ಹೇಳಿದೆ ಅಂತ ಹೇಳು. ನಾನು ಬೈಯ್ಯುದಿಲ್ಲ."

ಬೈಯುತ್ತಿರಲಿಲ್ಲ, ನನಗೆ ಗೊತ್ತು. ಅವಳು ಕೇಳಿದ್ದು ಗಂಡನ ಮುಂದೆ ಇಡಲು ಒಂದು ಸತ್ಯವನ್ನು.

"ಇಲ್ಲ," ಎಂದೆ. "ನಾನು ಯಾರ ಹತ್ರವೂ ಬಾಯಿ ಬಿಟ್ಟಿಲ್ಲ." ಅವಳ ಮುಖದಲ್ಲಿ ಸಂಶಯ ಇನ್ನೂ ಉಳಿದಿರುವುದನ್ನು ನೋಡಿ ಮುಂದುವರಿಸಿದೆ. ಆ ಮಾತನ್ನು ಯೋಚಿಸಿ ಆಡಿದೆನೋ, ತಾನಾಗಿ ಬಂತೋ... ತಾನಾಗಿ ಬಂತೆಂದರೆ ಅದು ಇನ್ನೂ ಕೆಟ್ಟದ್ದು. "ರಫೀಕ್ ದಿನವಿಡೀ ವ್ಯಾನಿನಲ್ಲಿ ತಿರುಗುವವ, ಕಾರು ನೋಡಿರ್ಬಹುದು. ಇಸ್ತ್ರಿ ಅಂಗಡಿಗೆ ನಿಮ್ಮ ಬಟ್ಟೆ ಕೊಂಡೋಗುದೂ ಅವನೇ ಅಲ್ವಾ?"

ಒಗೆದ ಅಂಗಿಯಲ್ಲಿ ಉಪ್ಪು ಉಳಿಯುವುದಿಲ್ಲ. ಯೋಚಿಸಿದ್ದರೆ ಅವಳಿಗೇ ಅದು ಹೊಳೆಯುತ್ತಿತ್ತು. ಆದರೆ ಅವಳಿಗೆ ನಂಬಬೇಕಾಗಿತ್ತು — ಗೆಳತಿಯನ್ನು ಉಳಿಸಿಕೊಳ್ಳಲು. ನಿಧಾನ ತಲೆಯಾಡಿಸಿದಳು. ಸಂಶಯ ಪಟ್ಟದ್ದಕ್ಕೆ ಬೇಜಾರು ಮಾಡ್ಕೊಳ್ಬೇಡ ಎಂದು ನನ್ನ ಕೈ ಮುಟ್ಟಿ ಹೋದಳು. ನನ್ನ ಕ್ಷಮೆ ಕೇಳಿದ್ದು ಅವಳು.

ಆ ಮಾತು ಅವಳಿಂದ ನಿನ್ನ ಉಪ್ಪನಿಗೆ ಮುಟ್ಟಿತು. ಅವರು ರಫೀಕ್‌ನನ್ನು ಏನೂ ಕೇಳಲಿಲ್ಲ. ಅವನ ಸಲಾಮಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದರು. ಮನೆಯಲ್ಲೇ ಕೂತವರನ್ನು ಕಂಡು ಹಾಡು ಯಾರದೆಂದು ಊಹಿಸಿದ ಜನ ಉಳಿದದ್ದನ್ನು ಮಾಡಿದರು. ಅನ್ನ ಹಾಕಿದವರನ್ನೇ ಬೀದಿಯಲ್ಲಿ ಹಾಡಿ ಆಡಿಕೊಂಡವನು ಎಂದರು. ಕೋಲ್ಡ್ ಸ್ಟೋರಿನ ಯಜಮಾನರು ಅವನನ್ನು ಕೆಲಸದಿಂದ ಬಿಡಿಸಿದರು.

ಅವನು ನನ್ನ ಆಫೀಸಿನ ಕೆಳಗೆ ಬಂದು ನಿಂತಿದ್ದ. ಬಿಸಿಲಿಗೆ ಮುಖ ಕೆಂಪಾಗಿತ್ತು. ಹಾಡು ಯಾರ ಬಗ್ಗೆ ಎಂದು ಅವನಿಗೆ ತಿಳಿದದ್ದು ಜನ ಉಗಿದ ಮೇಲೆ. "ಅಕ್ಕ, ಹಮೀದಾಕನ ಕಥೆ ಅಂತ ನಂಗೆ ಗೊತ್ತಿದ್ರೆ ನಾನು ಬಾಯಿ ತೆರೀತಿದ್ನಾ? ನೀವೊಂದು ಮಾತು ಅವರಿಗೆ ಹೇಳಿ. ಬೇರೆ ಎಂತದೂ ಬೇಡ."

ನಾನು ಅತ್ತಿತ್ತ ನೋಡಿದೆ, ಯಾರಾದರೂ ಗುರುತಿನವರು ಇದ್ದಾರೆಯೇ ಎಂದು. ಸ್ವಲ್ಪ ದಿನ ಹೋಗಲಿ, ಎಲ್ಲ ತಣ್ಣಗಾದ ಮೇಲೆ ಹೇಳ್ತೇನೆ ಎಂದೆ. ಸರಿ ಅಕ್ಕ ಎಂದು ಅವನು ಹೋದ. ಅವನೇ ಹೇಳಿಬಿಡಬಹುದಿತ್ತು. ಜೂಡ್ ಕೂಡ, ನೀನು ಹೇಳು ಅಥವಾ ನಾನು ಹೇಳ್ತೇನೆ ಎಂದು ನನ್ನನ್ನು ಒತ್ತಾಯಿಸಿದ್ದ. ಕೊಟ್ಟ ಮಾತು ಮುರಿಯಬಾರದೆಂದು ಅವನನ್ನು ತಡೆದದ್ದು ರಫೀಕ್. ಜೂಡ್ ಆ ಹಾಡನ್ನು ಅಳಿಸಿಹಾಕಿ, ಕರಕ್ ರಿಡಿಮ್‌ನ ಕೆಲಸವನ್ನೇ ನಿಲ್ಲಿಸಿದ. ನನ್ನೊಡನೆ ಮಾತು ಬಿಟ್ಟ.

ರಫೀಕ್ ಊರಿಗೆ ಹೋದ. ಸ್ವಲ್ಪ ಸಮಯದಲ್ಲೇ ನೀವೂ ಹೊರಟಿರಿ. ವಿಮಾನ ನಿಲ್ದಾಣದಲ್ಲಿ ನಿನ್ನ ಉಮ್ಮ ನನ್ನನ್ನು ಅಪ್ಪಿಕೊಂಡು ಅತ್ತಳು. ನೀನೊಬ್ಬಳು ನನ್ನ ಜೊತೆ ನಿಂತೆ ಎಂದಳು. ನಾನೂ ಅತ್ತೆ. ವಿಮಾನ ಹಾರಿದ ಮೇಲೆ ನನಗಾದದ್ದು ನಿರಾಳ. ಅದಕ್ಕೆ ಬೇರೆ ಹೆಸರಿಲ್ಲ.

ಕಳೆದ ತಿಂಗಳು ನಿನ್ನ ಬಾಯಿಂದ ಕೇಳಿದೆ: ನಿನ್ನ ಮನೆಯಲ್ಲಿ ಉಪ್ಪ ಉಮ್ಮ ಇವತ್ತಿಗೂ ನಿನ್ನ ಮೂಲಕವೇ ಮಾತಾಡುತ್ತಾರೆ, ಉಪ್ಪನಿಗೆ ಊಟಕ್ಕಾಯಿತು ಎಂದು ಹೇಳು, ಉಮ್ಮನಿಗೆ ಮೀನು ತಂದಿದ್ದೇನೆ ಎಂದು ಹೇಳು. ನೀನು ಅದನ್ನು ನಗುತ್ತಾ ಹೇಳಿದೆ. ಅಭ್ಯಾಸವಾಗಿದೆ ಆಂಟಿ ಎಂದೆ. ಒಂದು ಮನೆಯೊಳಗೆ ಇಬ್ಬರು ಒಳ್ಳೆಯವರು ಒಬ್ಬರ ಮುಖ ಒಬ್ಬರು ನೋಡದೆ ಬದುಕುವುದನ್ನು ಅಭ್ಯಾಸ ಮಾಡಿಸಿದವಳು ನಿನಗೆ ಅವಲಕ್ಕಿ ಬಡಿಸುತ್ತಿದ್ದಳು.

ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಪೇಪರು ಮಡಚಿಟ್ಟು, ಇಷ್ಟು ವರ್ಷದ ಮೇಲೆ ಯಾರಿಗೆ ನೆನಪಿರ್ತದೆ, ಬಿಡು ಎಂದರು. ನೆನಪಿರುವವಳು ಇದೇ ಸೋಫಾದಲ್ಲಿ ಕೂತು ಹೋದಳು ಎಂದೆ. ಅವರು ಮಡಚಿಟ್ಟ ಪೇಪರನ್ನು ಮತ್ತೆ ಬಿಡಿಸಿದರು.

ಜೂಡ್ ಈಗ ಮಂಗಳೂರಿನಲ್ಲಿದ್ದಾನೆ. ಅವನಿಗೆ ಫೋನ್ ಮಾಡಿ ರಫೀಕ್‌ನ ನಂಬರ್ ಕೇಳಿದೆ. ಏನೂ ಕೇಳದೆ ಕೊಟ್ಟ. ರಫೀಕ್ ಮಸ್ಕತ್‌ನಲ್ಲಿ ಟ್ರಕ್ ಓಡಿಸುತ್ತಾನೆ. ನಾನು ಯಾರೆಂದು ಹೇಳಿದಾಗ ಟ್ರಕ್ಕನ್ನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದ ಸದ್ದು ಕೇಳಿತು. ಎಲ್ಲವನ್ನೂ ಬರೆಯುತ್ತೇನೆ, ಹಮೀದಾಕನಿಗೂ ಶಂಶಾದ್‌ಗೂ ತಿಳಿಸುತ್ತೇನೆ, ಆಗ ಅವನನ್ನು ದೂರಿದ ಊರಿನವರಿಗೂ ಹೇಳುತ್ತೇನೆ ಎಂದೆ. ಈಗಲೂ ಹಾಡುತ್ತೀಯಾ ಎಂದೂ ಕೇಳಿಬಿಟ್ಟೆ, ಕೇಳಬಾರದಿತ್ತು. ಅವನು ಆ ಪ್ರಶ್ನೆಯನ್ನು ದಾಟಿ ಮೊದಲಿನ ಮಾತಿಗೆ ಬಂದ.

"ಹೇಳಿ ಅಕ್ಕ," ಎಂದ. "ಹೇಳ್ಬೇಕಾದ್ದೇ. ಆದ್ರೆ ನನಗೋಸ್ಕರ ಹೇಳ್ತಾ ಇದ್ದೇನೆ ಅಂತ ಮಾತ್ರ ಹೇಳ್ಬೇಡಿ."

ಅವನ ಮಾತಿಗೆ ಒಪ್ಪಿಕೊಂಡು ಹೇಳುತ್ತೇನೆ: ಇದು ಅವನಿಗೋಸ್ಕರವಲ್ಲ. ನಿನಗೋಸ್ಕರ ಎಂದು ಹೇಳಲೂ ನನಗೆ ಬಾಯಿಲ್ಲ. ನಿನ್ನ ಉಮ್ಮ ಯಾರಿಗೂ ತಿಳಿಯಬಾರದೆಂದು ಬೇಡಿಕೊಂಡದ್ದನ್ನು ಅವಳ ಮಗಳಿಗೇ ಹೇಳುತ್ತಿದ್ದೇನೆ. ಇದೂ ಮಾತು ತಪ್ಪುವುದೇ. ಆದರೆ ಇದನ್ನು ಹೇಳದೆ ನಿನ್ನ ತಲೆಯ ಮೇಲಿನ ಹೊರೆ ಇಳಿಸುವ ದಾರಿ ನನಗೆ ಕಾಣಲಿಲ್ಲ. ಬಸ್ಸಿನಲ್ಲಿ ಕಲಿತ ಹಾಡನ್ನು ಅಪ್ಪನ ಮುಂದೆ ಹಾಡಿದ ಮಗು ನೀನು. ಅಷ್ಟೇ. ಅದರಲ್ಲಿ ಅಕ್ಕಿಕಾಳಿನಷ್ಟೂ ತಪ್ಪಿಲ್ಲ.

ಊರಿಗೆ ಬರಲು ಟಿಕೆಟ್ ತೆಗೆದಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಇದನ್ನು ಉಮ್ಮನಿಗೆ ಓದಿ ಹೇಳು, ಉಪ್ಪನಿಗೆ ತೋರಿಸು ಎಂದೂ ಕೇಳುವುದಿಲ್ಲ — ಆ ಮನೆಯಲ್ಲಿ ನನ್ನ ಮಾತು ಇನ್ನೊಮ್ಮೆ ನಿನ್ನ ಬಾಯಿಂದ ಹೊರಡಬಾರದು. ಅದನ್ನು ನಾನೇ ಬಂದು ಹೇಳುತ್ತೇನೆ.